ಗಿರಿಯ ಟಿಕೆಟ್ಟಿನಲ್ಲಿದ್ದ ಅಕ್ಷರ

ಜನವರಿ 6, 2025, ಸೋಮವಾರ

ನನ್ನ ಹೆಸರು ಸುಕನ್ಯ. ವಯಸ್ಸು ನಲವತ್ತೇಳು. ಮನೆ ಹೊಸ ತಿಪ್ಪಸಂದ್ರದಲ್ಲಿ. ಕೆಲಸ ಬಸ್ ಕಂಡಕ್ಟರ್.

ಇಷ್ಟು ಬರೆಯಲು ಅರ್ಧ ಗಂಟೆ ಆಯಿತು. ದಿನಾ ನಾಲ್ಕು ಸಾಲು ಬರೆಯಬೇಕು ಎಂದು ನಾಜಿಶ್ ಮೇಡಂ ಹೇಳಿದ್ದಾರೆ. ಮಾತು ಕಲಿಸುವ ಮೇಡಂ. ಯಾರೂ ಓದುವುದಿಲ್ಲ. ಹಿಂದೆ ತಿರುಗಿಸಿ ನಾನೂ ಓದಬಾರದಂತೆ.

ನಾಲ್ಕಕ್ಕಿಂತ ಹೆಚ್ಚಾಯಿತು. ಸಾಕು.

ಜನವರಿ 8, ಬುಧವಾರ

ನವೆಂಬರಿನಲ್ಲಿ ಸ್ಟ್ರೋಕ್ ಆಯಿತು. ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಬಿದ್ದೆ. ನಮ್ಮ ಬಸ್ಸಿನ ಡ್ರೈವರ್ ವಾಜಿದ್ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಕೈ ಕಾಲು ಸರಿಹೋಯಿತು. ಮಾತು ಸರಿಹೋಗಲಿಲ್ಲ. ಬರುತ್ತದೆ. ಬೇರೆ ಮಾತು ಬರುತ್ತದೆ.

ಇವತ್ತು ಚಮಚ ಬೇಕಿತ್ತು. "ಬಾಗಿಲು ಕೊಡಿ" ಅಂದೆ. ಮುನೀಂದ್ರ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ನನ್ನ ಗಂಡ. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ಜನವರಿ 11, ಶನಿವಾರ

ಸಂಜೆ ಏಳಕ್ಕೆ ಅತ್ತೆಯ ಸೀರಿಯಲ್. 'ಹನ್ನೊಂದನೇ ಸಾಕ್ಷಿ'. ಶನಿವಾರ, ಭಾನುವಾರ ಬರುತ್ತದೆ. ಕೊಲೆಯ ಕಥೆ. ಡ್ಯೂಟಿ ಇದ್ದಾಗ ಎಂದೂ ನೋಡಿರಲಿಲ್ಲ. ಈಗ ನೋಡುತ್ತೇನೆ. ಟಿವಿ ಮುಂದೆ ಕೂತರೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ಡಾಕ್ಟರ್ ಶಶಿಧರ ಅವರ ಕೊಲೆಯಾಗಿದೆ. ಅವರ ಕ್ಲಿನಿಕ್ಕಿನಲ್ಲೇ. ಡಾಕ್ಟರ ತಮ್ಮ ಗಿರಿ ತುಂಬ ಅಳುತ್ತಾನೆ. ಚೆಂದದ ಹುಡುಗ. ಕಾಂಪೌಂಡರ್ ಚೆಲುವಯ್ಯ ಅಳುವುದಿಲ್ಲ. ಪೊಲೀಸರು ಕೇಳಿದರೆ ತಡವರಿಸುತ್ತಾನೆ. ಅದಕ್ಕೇ ಎಲ್ಲರಿಗೂ ಅವನ ಮೇಲೆ ಅನುಮಾನ.

"ಅವ್ನಲ್ಲ ಕಣೇ," ಅಂದರು ಅತ್ತೆ. "ಬಾಯಿಲ್ದೋನ ತಲೆಗೆ ಕಟ್ತಾವ್ರೆ."

ಜನವರಿ 14, ಮಂಗಳವಾರ

ಸಂಕ್ರಾಂತಿ. ಎದುರು ಮನೆಯ ಯಮುನಾ ಎಳ್ಳು ಬೆಲ್ಲ ತಂದರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡರು.

ನಾನು ಒಳ್ಳೆಯದನ್ನೂ ಆಡಲಿಲ್ಲ, ಕೆಟ್ಟದ್ದನ್ನೂ ಆಡಲಿಲ್ಲ. ತಿಂದೆ.

ಜನವರಿ 17, ಶುಕ್ರವಾರ

ನಾಜಿಶ್ ಮೇಡಂ ಕೋಣೆ ಶಿವಾಜಿನಗರದಲ್ಲಿ, ಎರಡನೇ ಮಹಡಿ. ಕಿಟಕಿ ತೆರೆದರೆ ಕೆಳಗೆ ಕಂಡಕ್ಟರ್‌ಗಳು ಕೂಗುವುದು ಕೇಳುತ್ತದೆ. ಮುಚ್ಚಿ ಅಂತ ಸನ್ನೆ ಮಾಡಿದೆ.

ಅಕ್ಷರದ ಕಾರ್ಡು ತೋರಿಸಿದರು. "ಮ" ಅಂದೆ. ಅದು "ವ" ಆಗಿತ್ತು. ಇನ್ನೊಂದು. "ವ" ಅಂದೆ. ಅದು "ಮ". ಬಾಲ ಇದ್ದರೆ ಮ, ಇಲ್ಲದಿದ್ದರೆ ವ. ಒಂದನೇ ಕ್ಲಾಸಿನ ಮಗುವಿಗೆ ಗೊತ್ತು.

"ಕಣ್ಣಿನ ತಪ್ಪಲ್ಲ ಸುಕನ್ಯ ಅವ್ರೇ. ಕಣ್ಣು ಹೇಳಿದ್ದನ್ನ ತಲೆ ತಪ್ಪಾಗಿ ಕೇಳಿಸ್ಕೊಳ್ತಿದೆ. ಸರಿಹೋಗುತ್ತೆ."

"ಯಾ... ಯಾವಾಗ?"

"ನೀವು ಮಾತಾಡ್ದಷ್ಟೂ ಬೇಗ."

ಮಾತಾಡಲು ಜನ ಬೇಕು. ನನ್ನ ಮಾತು ಮುಗಿಯುವ ತನಕ ಕಾಯುವ ಜನ. ಮುನೀಂದ್ರ ಕಾಯುವುದಿಲ್ಲ. "ನೀ" ಅಂದರೆ ಸಾಕು, ನೀರು ತರುತ್ತಾರೆ. ನಾನು "ನೀವು ಊಟ ಮಾಡಿದ್ರಾ" ಅಂತ ಕೇಳಲು ಹೊರಟಿರುತ್ತೇನೆ. ನೀರು ಕುಡಿಯುತ್ತೇನೆ.

ಜನವರಿ 20, ಸೋಮವಾರ

ವಾಜಿದ್ ಬಂದಿದ್ದ. ಬೇಕರಿಯಿಂದ ದಿಲ್‌ಪಸಂದ್ ತಂದಿದ್ದ. ಅರ್ಧ ಅತ್ತೆ ತಿಂದರು.

"ಅಕ್ಕಾ, ಜಗದೀಶ್ ಸಾರ್ ಹೇಳಿ ಕಳ್ಸವ್ರೆ," ಅಂದ. ಜಗದೀಶ್ ನಮ್ಮ ಡಿಪೋ ಮ್ಯಾನೇಜರ್. "ರಜಾ ಮಾರ್ಚ್ ಕೊನೆ ತಂಕ. ಆಮೇಲೆ ಡಾಕ್ಟ್ರು ನೋಡ್ತಾರಂತೆ. ಸ್ಟಾಪ್ ಕೂಗಕ್ಕೆ, ಪ್ಯಾಸೆಂಜರ್ ಹತ್ರ ಮಾತಾಡಕ್ಕೆ ಆಗ್ಲಿಲ್ಲ ಅಂದ್ರೆ..." ಅವನು ನೆಲ ನೋಡಿದ. "ಸ್ಟೋರ್‌ಗೆ ಹಾಕ್ತಾರಂತೆ."

ಸ್ಟೋರ್ ಅಂದರೆ ಟೈರು, ಗ್ರೀಸ್ ಡಬ್ಬಿ. ಅಲ್ಲಿ ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ನಾನು ಹದಿನೆಂಟು ವರ್ಷ ಜನರ ಮಧ್ಯೆ ನಿಂತವಳು.

ಅವನೂ ಆ ಸೀರಿಯಲ್ ನೋಡುತ್ತಾನಂತೆ. ಅದಕ್ಕೆ ಅಭಿಮಾನಿಗಳ ವಾಟ್ಸ್ಯಾಪ್ ಗುಂಪು ಇದೆ, ನಾನೂರು ಜನ. ನನ್ನನ್ನೂ ಸೇರಿಸಿದ. ಗುಂಪಿನ ಯಜಮಾನರು ಕಲ್ಯಾಣ ನಗರದ ಆದಿನಾರಾಯಣ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ಟರ್. ಪ್ರತಿ ಕಂತು ಮುಗಿದ ಮೇಲೆ ಒಂದು ಪುಟ ಬರೆಯುತ್ತಾರೆ. ಉಳಿದವರು ಬರೆಯುವುದು ಎರಡೇ ಮಾತು: "ಗಿರಿ ನಮ್ಮ ಹುಡುಗ" ಮತ್ತು "ಕಾಂಪೌಂಡರ್‌ನ ನೇಣಿಗೆ ಹಾಕಿ".

ಜನವರಿ 25, ಶನಿವಾರ

ಇವತ್ತು ಇನ್‌ಸ್ಪೆಕ್ಟರ್ ಗಿರಿಯನ್ನು ಕೇಳಿದ, ಕೊಲೆ ನಡೆದಾಗ ಎಲ್ಲಿದ್ದೆ ಎಂದು. ಗಿರಿ ಜೇಬಿನಿಂದ ಬಸ್ ಟಿಕೆಟ್ ತೆಗೆದ. "ಆರೂವರೆಗೆ ಬಸ್ಸಲ್ಲಿದ್ದೆ ಸಾರ್" ಅಂದ. ಇನ್‌ಸ್ಪೆಕ್ಟರ್ ಟಿಕೆಟ್ ನೋಡಿದ, ತಲೆಯಾಡಿಸಿದ, ವಾಪಸು ಕೊಟ್ಟ.

ನಾನೂ ನೋಡಿದೆ. ಎರಡು ಸೆಕೆಂಡು. ಟಿಕೆಟ್ ಮಡಚಿತ್ತು. ದರದ ಮೇಲೆ ಗಿರಿಯ ಹೆಬ್ಬೆರಳಿತ್ತು. ಅದರ ಮೇಲಿನ ಸಾಲಿನಲ್ಲಿ ಒಂದೇ ಅಕ್ಷರ ಕಾಣುತ್ತಿತ್ತು. ಆ ಸಾಲಿನಲ್ಲಿ ಅದು ಯಾರ ಟಿಕೆಟ್ ಎಂದು ಇರುತ್ತದೆ. ಗಂಡಸಾದರೆ ವಯಸ್ಕ. ಹೆಂಗಸರ ಉಚಿತ ಟಿಕೆಟ್ ಆದರೆ ಮಹಿಳೆ.

ಅಲ್ಲಿ ಇದ್ದದ್ದು ಮ.

ಗಿರಿ ಆ ಬಸ್ಸಿನಲ್ಲಿ ಇರಲಿಲ್ಲ. ಯಾರೋ ಹೆಂಗಸು ಬಿಸಾಡಿದ ಟಿಕೆಟ್ ಅದು.

ಎದ್ದು ನಿಂತೆ. "ಅತ್ತೆ, ಮ... ಮ..." ಅಂದೆ. ಮುನೀಂದ್ರ ಓಡಿ ಬಂದು ಮಾತ್ರೆ ಕೊಟ್ಟರು.

ಜನವರಿ 28, ಮಂಗಳವಾರ

ಮತ್ತೆ ಕಾರ್ಡು. ಹತ್ತರಲ್ಲಿ ನಾಲ್ಕು ತಪ್ಪು. ನಾಲ್ಕೂ ವ, ಮ.

ಹಾಗಾದರೆ ಗಿರಿಯ ಟಿಕೆಟ್? ಅದೂ ವ ಇದ್ದಿರಬಹುದು. ನನ್ನ ತಲೆ ಮ ಮಾಡಿರಬಹುದು. ನನ್ನ ಕಣ್ಣನ್ನು ನಾನೇ ನಂಬುವಂತಿಲ್ಲ. ಇದಕ್ಕಿಂತ ಮಾತು ಹೋದದ್ದೇ ವಾಸಿ.

ಫೆಬ್ರವರಿ 2, ಭಾನುವಾರ

ಚೆಲುವಯ್ಯನನ್ನು ಲಾಕಪ್ಪಿನಲ್ಲಿ ಹೊಡೆದರು. "ನಾನು... ನಾನು..." ಅನ್ನುತ್ತಲೇ ಇದ್ದ. ಮುಂದಿನ ಮಾತು ಬರುವುದರೊಳಗೆ ಮತ್ತೊಂದು ಏಟು. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು. ಒಬ್ಬ ಬರೆದಿದ್ದ: "ತಪ್ಪು ಮಾಡಿಲ್ದಿದ್ರೆ ಯಾಕೆ ತೊದಲ್ತಾನೆ ಗುರು?"

ಅದನ್ನು ಓದಿ ಮೈ ಉರಿಯಿತು. ಫೋನ್ ತೆಗೆದುಕೊಂಡು ಬಚ್ಚಲುಮನೆಗೆ ಹೋದೆ. ಚಿಲಕ ಹಾಕಿದೆ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದೆ.

"ನಮ... ನಮಸ್ಕಾರ. ನಾನು ಸುಕನ್ಯ. ಕಂಡ... ಕಂಡಕ್ಟರ್. ಗಿರಿ ಬಸ್ಸಲ್ಲಿ ಇರ್ಲಿಲ್ಲ. ಅದು ಹೆಂಗಸಿನ ಚೀಟಿ. ಅಲ್ಲ. ಟಿ... ಟಿಕೆಟ್. ಅದ್ರಲ್ಲಿ ಮ ಇದೆ. ವ ಅಲ್ಲ. ಚೆಲುವಯ್ಯನ್ನ ಬಿಟ್ಬಿಡಿ."

ಕಳಿಸಿ ಚಿಲಕ ತೆಗೆದೆ.

ಫೆಬ್ರವರಿ 3, ಸೋಮವಾರ

ನೂರಾ ಹತ್ತು ಉತ್ತರ ಬಂದಿವೆ. ನಗುವ ಮುಖಗಳೇ ಹೆಚ್ಚು. "ಆಂಟಿ ಎಣ್ಣೆ ಹಾಕಿದ್ದಾರಾ?" ಎಂದು ಒಬ್ಬ. "ಗಿರಿ ಬಗ್ಗೆ ಮಾತಾಡಿದ್ರೆ ಸರಿ ಇರಲ್ಲ" ಎಂದು ಇಬ್ಬರು ಹುಡುಗಿಯರು. ಮೇಷ್ಟ್ರು ಹೀಗೆ ಬರೆದಿದ್ದಾರೆ: "ತಾಯಿ, ಮೂವತ್ತೈದು ವರ್ಷ ಕನ್ನಡ ಕಲಿಸಿದ್ದೇನೆ. ಅದು ವಕಾರ. ದಯವಿಟ್ಟು ಕನ್ನಡಕ ಪರೀಕ್ಷೆ ಮಾಡಿಸಿಕೊಳ್ಳಿ."

ವಾಜಿದ್ ಅವರೆಲ್ಲರಿಗೂ ಬೈದು ಬರೆದಿದ್ದ. ಮೇಷ್ಟ್ರು ಅವನನ್ನು ಒಂದು ದಿನ ಹೊರಗೆ ಹಾಕಿದ್ದಾರೆ.

ಫೆಬ್ರವರಿ 4, ಮಂಗಳವಾರ

ನಾಜಿಶ್ ಮೇಡಂಗೆ ಫೋನ್ ಕೊಟ್ಟೆ. ನನ್ನ ಮಾತನ್ನು ಎರಡು ಸಲ ಕೇಳಿದರು. ಆಮೇಲೆ ಕೆಳಗಿದ್ದ ಉತ್ತರಗಳನ್ನೂ ಓದಿದರು. ಅವರಿಗೆ ಸಿಟ್ಟು ಬಂದದ್ದು ಮೊದಲ ಸಲ ನೋಡಿದೆ.

"ಒಂದು ತಿಂಗ್ಳಿಂದ ನನ್ನ ಹತ್ರ ಎರಡು ಪದ ಸೇರಿಸ್ತಿರ್ಲಿಲ್ಲ ನೀವು. ಇಲ್ಲಿ ಒಂದು ಇಡೀ ಕೇಸ್ ಹೇಳಿದ್ದೀರ. ಇನ್ನೊಂದು ಕಳಿಸಿ."

"ಮ... ವ... ನಂಗೇ ಗೊತ್ತಿಲ್ಲ."

"ಹಾಗಾದ್ರೆ ತಿಳ್ಕೊಂಡು ಕಳಿಸಿ. ಗೆಲ್ಲೋದು ಆಮೇಲೆ. ಮೊದ್ಲು ಜಗಳ ಆಡಿ."

ಫೆಬ್ರವರಿ 7, ಶುಕ್ರವಾರ

ವಾಜಿದ್ ಬಸ್ಸಿನ ನೆಲದಿಂದ ಟಿಕೆಟ್ ಗುಡಿಸಿ ಒಂದು ಕವರ್ ತುಂಬ ತಂದ. ಗಂಡಸರದು ಹತ್ತು, ಹೆಂಗಸರದು ಹತ್ತು ಆರಿಸಿ, ಗಿರಿಯ ಟಿಕೆಟ್ಟಿನ ಹಾಗೆಯೇ ಮಡಚಿದೆವು, ಒಂದೇ ಅಕ್ಷರ ಕಾಣುವ ಹಾಗೆ. ದರದ ಮೇಲೆ ಅತ್ತೆಯ ಹೆಬ್ಬೆರಳು. ಯಮುನಾ ಕಲೆಸಿ ಒಂದೊಂದಾಗಿ ಅತ್ತೆಯ ಕೈಗೆ ಕೊಟ್ಟರು. ವಾಜಿದ್ ಎರಡೇ ಎಣಿಸಿ "ಮುಚ್ಚಿ" ಅನ್ನುತ್ತಿದ್ದ.

ನಾನು ಹೇಳಿದೆ. ಗಂಡು, ಹೆಣ್ಣು, ಹೆಣ್ಣು, ಗಂಡು.

ಇಪ್ಪತ್ತಕ್ಕೆ ಇಪ್ಪತ್ತು.

ಮತ್ತೆ ಕಲೆಸಿದರು. ಮತ್ತೆ ಇಪ್ಪತ್ತು. ಯಮುನಾ ಬಾಯಿಗೆ ಕೈ ಇಟ್ಟುಕೊಂಡರು. ಅತ್ತೆ, "ಇವ್ಳೇನು ಕಣ್ಣಲ್ಲಿ ನೋಡ್ತಾಳಾ, ಮೂಸಿ ನೋಡ್ತಾಳಾ?" ಅಂದರು.

ಮೇಡಂಗೆ ವಾಜಿದ್ ಫೋನಿನಲ್ಲಿ ಹೇಳಿದ. ಕಾರ್ಡು ಸುಕನ್ಯ ಅವರದಲ್ಲ, ಟಿಕೆಟ್ ಅವರದು, ಅಂದರಂತೆ ಮೇಡಂ. ಹದಿನೆಂಟು ವರ್ಷದ್ದು ತಲೆಯಲ್ಲಿ ಬೇರೆ ಕಡೆ ಕೂತಿರುತ್ತದಂತೆ. ಎಲ್ಲಿ ಕೂತಿದ್ದರೇನು, ಸೀಟು ಬಿಟ್ಟು ಎದ್ದಿಲ್ಲವಲ್ಲ.

ಫೆಬ್ರವರಿ 9, ಭಾನುವಾರ

ಎರಡನೇ ಸಲ ಮಾತಾಡಿ ಕಳಿಸಿದೆ. ಈ ಸಲ ಬಚ್ಚಲುಮನೆಯಲ್ಲಿ ಅಲ್ಲ, ನಡುಮನೆಯಲ್ಲಿ ಕೂತು. ಎರಡು ನಿಮಿಷ. ನಿನ್ನೆಯಿಡೀ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ.

"ಮೇಷ್ಟ್ರೇ, ನನ್ನ ಮಾತು ನಿಧಾನ. ಕಾಯಿಲೆ ಆಗಿತ್ತು. ನಗೋರು ನಗ್ಲಿ. ಆದ್ರೆ ನಾನು ದಿನಕ್ಕೆ ಸಾವಿರ ಟಿಕೆಟ್ ಹರಿದು ಕೊಟ್ಟೋಳು. ಅದು ಮ. ಇನ್ನೊಂದು ಮಾತು. ಟಿಕೆಟ್ ಇದೆ ಅಂದ್ರೆ ಬಸ್ಸಲ್ಲಿ ಇದ್ದ ಅಂತ... ಅಂತ ಅಲ್ಲ. ಹಲಸೂರು ಸ್ಟಾಪಲ್ಲಿ ಬಂದು ನೋಡಿ. ಇಳಿದೋರು ಎಲ್ಲ ಅಲ್ಲೇ ಬಿಸಾಕ್ತಾರೆ. ಬಗ್ಗಿದ್ರೆ ಎಷ್ಟು ಬೇಕಾದ್ರೂ ಸಿಗುತ್ತೆ. ಗಿರಿ ಬಗ್ಗಿದ್ದಾನೆ. ಚೆಲುವಯ್ಯ ತೊದಲ್ತಾನೆ ಅಂತ ಕೊಲೆಗಾರ ಆಗಲ್ಲ. ಹಾಗಾದ್ರೆ ನಾನೂ ಕೊಲೆಗಾರ್ತಿ."

ಜೊತೆಗೆ ಇಪ್ಪತ್ತು ಟಿಕೆಟ್ಟುಗಳ ಫೋಟೋ ಹಾಕಿದೆ.



ಫೆಬ್ರವರಿ 10, ಸೋಮವಾರ

ಮೇಷ್ಟ್ರು ಆ ದೃಶ್ಯವನ್ನು ಮೊಮ್ಮಗಳ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ್ದಾರೆ. ಆ ಚಿತ್ರ ಹಾಕಿ ಕೆಳಗೆ ಬರೆದಿದ್ದಾರೆ: "ಬಾಲದಂತಹದ್ದೇನೋ ಗೋಚರಿಸುತ್ತಿದೆ. ನನ್ನ ಅಭಿಪ್ರಾಯವನ್ನು ಹಿಂಪಡೆಯುವುದಿಲ್ಲ. ತಾತ್ಕಾಲಿಕವಾಗಿ ತಡೆಹಿಡಿಯುತ್ತೇನೆ."

ಈಗ ಗುಂಪು ಎರಡಾಗಿದೆ. ಒಂದು ವ ಪಕ್ಷ, ಒಂದು ಮ ಪಕ್ಷ. ಮ ಪಕ್ಷದಲ್ಲಿ ನಲವತ್ತು ಜನ ಇದ್ದೇವೆ. ಗಿರಿಯ ಅಭಿಮಾನಿ ಹುಡುಗಿಯರು ನನಗೆ "ಲೇಡಿ ಕಂಡಕ್ಟರ್ ರೈಟ್ ಹೇಳಿ ಹೊರಡಿ" ಎಂದು ಬರೆದರು. "ರೈಟ್ ಹೇಳುವುದು ನಾನು ಸರಿ ಇದ್ದಾಗಲೇ" ಎಂದು ಬರೆದೆ. ವಾಜಿದ್ ಏಳು ಚಪ್ಪಾಳೆ ಹಾಕಿದ.

ಫೆಬ್ರವರಿ 17, ಸೋಮವಾರ

ಇವತ್ತು ಮನೆಯಲ್ಲಿ ಜಗಳ.

ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಸೀರಿಯಲ್ಲಿನ ಕಥೆ ಬರೆಯುವವರಂತೆ. ಸುಗತ ಎಂದು ಹೆಸರು, ಹಲಸೂರಿನವರು. ನನ್ನ ಮಾತನ್ನು ಯಾರೋ ಅವರಿಗೆ ಕಳಿಸಿದ್ದಾರೆ. ನಾನು "ಹಾಂ, ಹೇಳಿ" ಅನ್ನುವಷ್ಟರಲ್ಲಿ ಮುನೀಂದ್ರ ಫೋನ್ ಕಿತ್ತುಕೊಂಡರು. ಅವರಿಗೆ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಈ ವಾರ ಸೆಕೆಂಡ್ ಶಿಫ್ಟ್, ಮನೆಯಲ್ಲೇ ಇದ್ದರು. "ಸಾರ್, ನಮ್ಮ ಮನೆಯವ್ರಿಗೆ ಹುಷಾರಿಲ್ಲ, ಏನಿದ್ರೂ ನನ್ಹತ್ರ ಹೇಳಿ" ಅಂದರು.

"ಕೊಡಿ" ಅಂದೆ.

"ಇರು, ನಾನು ಮಾತಾಡ್ತಿದೀನಲ್ಲ."

"ನೀವು ಮಾತಾಡ್ತಿದ್ದೀರ. ಮೂರು ತಿಂಗ್ಳಿಂದ ನೀವೇ ಮಾತಾಡ್ತಿದ್ದೀರ. ನಾನು ನೀ ಅಂದ್ರೆ ನೀರು ತರ್ತೀರ, ಹೊ ಅಂದ್ರೆ ಹೊದಿಕೆ ತರ್ತೀರ. ನಾನು ಏನು ಹೇಳ್ಬೇಕು ಅಂತಿದ್ದೆ ಅಂತ ಒಂದಿನ ಕಾದು ಕೇಳಿದ್ದೀರಾ? ಆ ಫೋನು ನಂದು. ಆ ಮನುಷ್ಯ ಮಾಡಿರೋದು ನಂಗೆ. ಕೊಡಿ ಇಲ್ಲಿ!"

ಅವರು ಕೊಟ್ಟರು. ಕೊಟ್ಟು ನನ್ನನ್ನೇ ನೋಡುತ್ತ ನಿಂತುಬಿಟ್ಟರು. ಬೇಜಾರಾಯಿತೇನೋ. ನನಗೂ ಹಾಗೆ ಕೂಗಬಾರದಿತ್ತು ಅನ್ನಿಸಿತು. ಮಧ್ಯಾಹ್ನ ಶಿಫ್ಟಿಗೆ ಹೋಗುವಾಗ ಯಾಕೋ ಸಿಳ್ಳೆ ಹಾಕುತ್ತ ಮೆಟ್ಟಿಲಿಳಿದರು. ಈ ಗಂಡಸರ ಮನಸ್ಸು ತಿಳಿಯುವುದಿಲ್ಲ.

ಸುಗತ ಅವರು ಹೆಚ್ಚೇನೂ ಕೇಳಲಿಲ್ಲ. "ಗಿರಿ ಬಗ್ಗಿದ್ದಾನೆ ಅಂದ್ರಲ್ಲ, ಎಲ್ಲಿ ಬಗ್ಗಿರಬಹುದು?" ಎಂದಷ್ಟೇ. ಹಲಸೂರು ಸ್ಟಾಪು, ಕಬ್ಬಿನ ಹಾಲಿನ ಗಾಡಿಯ ಪಕ್ಕ, ಅಂದೆ. ಬರೆದುಕೊಂಡರು.

ಮಾರ್ಚ್ 3, ಸೋಮವಾರ

ತಿಪ್ಪಸಂದ್ರ ಮಾರ್ಕೆಟ್ ರಸ್ತೆಯಲ್ಲಿ ಬೀನ್ಸ್ ಎಂಬ ಪದ ಬರಲಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಬೆರಳು ತೋರಿಸಿ ತಂದೆ.

ಬರೆಯಲು ಮನಸ್ಸಿಲ್ಲ.

ಮಾರ್ಚ್ 10, ಸೋಮವಾರ

ಪ್ರತಿ ಸೋಮವಾರ ಬೆಳಿಗ್ಗೆ ಆ ವಾರದ ಕಂತುಗಳ ಬಗ್ಗೆ ಮಾತಾಡಿ ಕಳಿಸುವುದು ನನ್ನ ತಲೆಗೇ ಬಂದಿದೆ. ಮೇಷ್ಟ್ರು ಅದಕ್ಕೆ 'ಸೋಮವಾರದ ತಪಾಸಣೆ' ಎಂದು ಹೆಸರಿಟ್ಟಿದ್ದಾರೆ. ಎಂಟೂವರೆಗೆ ಕಳಿಸದಿದ್ದರೆ "ಸುಕನ್ಯಮ್ಮನವರು ಎಲ್ಲಿ?" ಎಂದು ಕೇಳುತ್ತಾರೆ. ಇವತ್ತಿನದು ಆರು ನಿಮಿಷ ಆಯಿತು. ಮೇಷ್ಟ್ರು, "ವಿಷಯ ಉತ್ತಮ, ಆದರೆ ಸಂಕ್ಷಿಪ್ತವಾಗಿದ್ದರೆ ಒಳಿತು" ಎಂದು ಬರೆದರು. ಅವರ ಒಂದು ಪುಟ ನಾವು ಓದುವುದಿಲ್ಲವೇ?

ಕಥೆ ಈಗ ತಿರುಗುತ್ತಿದೆ. ಶನಿವಾರದ ಕಂತಿನಲ್ಲಿ ಇನ್‌ಸ್ಪೆಕ್ಟರ್ ಬಸ್ ಸ್ಟಾಪಿನಲ್ಲಿ ಸುಮ್ಮನೆ ನಿಂತು ಜನರನ್ನು ನೋಡುತ್ತಿದ್ದ. ಅಷ್ಟೇ ತೋರಿಸಿದ್ದು. ಮ ಪಕ್ಷಕ್ಕೆ ಒಂದೇ ದಿನದಲ್ಲಿ ತೊಂಬತ್ತು ಜನ ಬಂದರು. ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕೇ ಎಂದು ವಾಜಿದ್ ಕೇಳಿದ. ಸೀಟಿಲ್ಲ, ನಿಂತುಕೊಂಡು ಬರಲಿ ಅಂದೆ.

ಮಾರ್ಚ್ 15, ಶನಿವಾರ

ಗೆದ್ದೆವು!

ಇದನ್ನು ಕ್ರಮವಾಗಿ ಬರೆಯಬೇಕು. ಸಂಜೆ ಏಳಕ್ಕೆ ನಮ್ಮ ನಡುಮನೆಯಲ್ಲಿ ಹನ್ನೆರಡು ಜನ. ಯಮುನಾ ಮನೆಯವರೆಲ್ಲ, ವಾಜಿದ್ ಮತ್ತು ಅವನ ಹೆಂಡತಿ. ಮುನೀಂದ್ರ ಶಿಫ್ಟ್ ಬದಲಾಯಿಸಿಕೊಂಡು ಬಂದಿದ್ದರು. ಮೊದಲ ಜಾಹೀರಾತಿನ ತನಕ ಏನೂ ಇಲ್ಲ. ಚೆಲುವಯ್ಯನನ್ನು ಕೋರ್ಟಿಗೆ ಕರೆದುಕೊಂಡು ಹೊರಟಿದ್ದರು. ಎರಡನೇ ಭಾಗದಲ್ಲಿ ಇನ್‌ಸ್ಪೆಕ್ಟರ್ ಗಿರಿಯ ಮನೆಗೆ ಹೋದ. "ಆ ಟಿಕೆಟ್ ಇನ್ನೊಂದ್ಸಲ ಕೊಡ್ತೀರಾ?" ಅಂದ. ಗಿರಿ ನಗುತ್ತ ಕೊಟ್ಟ. ಇನ್‌ಸ್ಪೆಕ್ಟರ್ ಮಡಿಕೆ ಬಿಚ್ಚಿದ. ನಿಧಾನವಾಗಿ ಬಿಚ್ಚಿದ, ಪಾಪಿ. ಆಮೇಲೆ ಟಿವಿ ತುಂಬ ಆ ಟಿಕೆಟ್.

ಮಹಿಳೆ.

ಅತ್ತೆ ಕೂಗಿದ ಕೂಗಿಗೆ ಕೆಳಗಿನ ಇಸ್ತ್ರಿ ಅಂಗಡಿಯವನು ಮೇಲೆ ಓಡಿ ಬಂದ. ಎಂಬತ್ತು ವರ್ಷದ ನಮ್ಮತ್ತೆ ದೊಡ್ಡಮುನಿಯಮ್ಮ ನಡುಮನೆಯಲ್ಲಿ ಎದ್ದು ನಿಂತು, "ನನ್ ಸೊಸೆ ಯೋಳಿದ್ಲು! ನನ್ ಸೊಸೆ ಯೋಳಿದ್ಲು!" ಎಂದು ಟಿವಿಯೊಳಗಿನ ಪೊಲೀಸರಿಗೆ ಹೇಳುತ್ತಿದ್ದರು. ವಾಜಿದ್ ಸೋಫಾ ಹತ್ತಿದ್ದ. ಇನ್‌ಸ್ಪೆಕ್ಟರ್ ಗಿರಿಗೆ ಹೇಳಿದ: "ಹಲಸೂರು ಸ್ಟಾಪಲ್ಲಿ, ಕಬ್ಬಿನ ಹಾಲಿನ ಗಾಡಿ ಹತ್ರ ಬಗ್ಗಿ ಎತ್ಕೊಂಡ್ಯಲ್ಲ, ನೋಡಿ ಎತ್ಕೋಬೇಕಿತ್ತು." ನನ್ನ ಕಬ್ಬಿನ ಹಾಲಿನ ಗಾಡಿ!

ಚೆಲುವಯ್ಯನ ಬೇಡಿ ಬಿಚ್ಚಿದರು. ಅವನು ಏನೋ ಹೇಳಲು ಬಾಯಿ ತೆರೆದ. ಮಾತು ಬರಲಿಲ್ಲ. ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಎದುರಿಗೆ ಕೂತು, "ನಿಧಾನವಾಗಿ ಹೇಳಿ. ಕಾಯ್ತೀನಿ" ಅಂದ. ಕಂತು ಅಲ್ಲಿಗೆ ಮುಗಿಯಿತು. ಮುನೀಂದ್ರ ಎದ್ದು ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದರು. ಸಕ್ಕರೆ ಮರೆತಿದ್ದರು. ಕುಡಿದೆವು.

ಮೇಷ್ಟ್ರ ಸಂದೇಶ ಏಳೂ ಐವತ್ತಕ್ಕೆ ಬಂತು. "ಅದು ಮಕಾರ. ಸುಕನ್ಯಮ್ಮನವರಲ್ಲಿ ಬಹಿರಂಗವಾಗಿ ಕ್ಷಮೆ ಕೋರುತ್ತೇನೆ. ನಾಳೆಯೇ ಕಣ್ಣಿನ ವೈದ್ಯರನ್ನು ಕಾಣಲಿದ್ದೇನೆ." ಗಿರಿಯ ಹುಡುಗಿಯರು ಅಳುವ ಮುಖ ಹಾಕಿದ್ದಾರೆ. ಒಬ್ಬಳು, "ಆಂಟಿ, ನಂಗೆ ಜ್ವರ ಬಂದಿದೆ" ಎಂದು ಬರೆದಳು. ಅವಳಿಗೆ ಫೋನ್ ಮಾಡಿ ಕಾಲು ಗಂಟೆ ಸಮಾಧಾನ ಹೇಳಿದೆ.

ಮಾರ್ಚ್ 22, ಶನಿವಾರ

ಇಂದಿರಾನಗರದ ಒಂದು ಸಭಾಂಗಣದಲ್ಲಿ ಚಾನೆಲ್‌ನವರು ಅಭಿಮಾನಿಗಳನ್ನು ಸೇರಿಸಿದ್ದರು. ಮುನ್ನೂರು ಜನ. ಗಿರಿಯ ಪಾತ್ರದ ಹುಡುಗ ಬಂದು ನನ್ನ ಕಾಲು ಮುಟ್ಟಿ, "ನನ್ನ ಜೈಲಿಗೆ ಹಾಕಿಸ್ಬಿಟ್ರಲ್ಲಮ್ಮ" ಅಂದ. ಎದುರಿಗೆ ಇನ್ನೂ ಚೆಂದ ಇದ್ದಾನೆ. ಸ್ವಲ್ಪ ಪಾಪ ಅನ್ನಿಸಿತು.

ಮೇಷ್ಟ್ರು ವೇದಿಕೆಯಿಂದ ನನ್ನ ಹೆಸರು ಕರೆದರು. ಎದ್ದು ಹೋದೆ. ಮೈಕ್ ಹಿಡಿದೆ. "ಎಲ್ಲರಿಗೂ ನಮಸ್ಕಾರ" ಅಂದೆ. ಮುಂದಿನ ಪದ ಬರಲಿಲ್ಲ.

ಎರಡನೇ ಸಾಲಿನಲ್ಲಿ ಮುನೀಂದ್ರ ಅರ್ಧ ಎದ್ದರು. ಅವರಿಗೆ ಆ ಪದ ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ನಾನು 'ಇರಿ' ಎಂದು ಕೈ ತೋರಿಸಿದೆ. ಅವರು ಕೂತರು. ಮುನ್ನೂರು ಜನ ಕಾದರು. ನಾನೂ ಕಾದೆ. ಬಂತು.

"ಟಿಕೆಟ್" ಎಂಬ ಪದವದು. ನಾಚಿಕೆಗೇಡು, ಅದೇ ಮರೆತಿದ್ದೆ. ಹಾಗೆಂದು ಅವರಿಗೂ ಹೇಳಿದೆ, ನಕ್ಕರು, ನಾನೂ ನಕ್ಕೆ, ಆಮೇಲೆ ಮಾತು ಹೋಯಿತು ಇಳಿಜಾರಿನಲ್ಲಿ ಬಸ್ಸು ಹೋದ ಹಾಗೆ. ಚೆಲುವಯ್ಯನ ಬಗ್ಗೆ ಹೇಳಿದೆ. ಮಾತು ತಡವಾಗುವವರ ಮುಂದೆ ಗಡಿಯಾರ ನೋಡಬೇಡಿ ಅಂದೆ. ನಾಜಿಶ್ ಮೇಡಂ ಹಿಂದಿನ ಸಾಲಿನಲ್ಲಿ ನಿಂತು ಕೇಳುತ್ತಿದ್ದರು.

ಆಮೇಲೆ ಸುಗತ ಅವರು ಮಾತಾಡಿದರು.

"ಒಂದು ಸತ್ಯ ಹೇಳ್ಬಿಡ್ತೀನಿ. ನಾನು ಬರ್ದಿದ್ದ ಕಥೆಯಲ್ಲಿ ಕೊಲೆಗಾರ ಚೆಲುವಯ್ಯನೇ. ಶೂಟಿಂಗ್ ದಿನ ನಮ್ಮ ಆರ್ಟ್ ವಿಭಾಗದವ್ರು ರಸ್ತೇಲಿ ಬಿದ್ದಿದ್ದ ಯಾವ್ದೋ ಟಿಕೆಟ್ ತಂದು ಗಿರಿ ಕೈಗೆ ಕೊಟ್ಟಿದ್ರು. ಅದು ಹೆಂಗಸರ ಟಿಕೆಟ್ ಅಂತ ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ. ಸುಕನ್ಯಮ್ಮನ ಮಾತು ಕೇಳಿ ಹಳೇ ದೃಶ್ಯ ತೆಗೆದು ನೋಡಿದ್ವಿ. ಅವ್ರು ಓದಿದ್ದು ಸರಿ ಇತ್ತು. ತಪ್ಪು ನಮ್ದು. ಆದ್ರೆ ಅವ್ರು ಹೇಳಿದ ಕಥೆ ನನ್ನ ಕಥೆಗಿಂತ ಚೆನ್ನಾಗಿತ್ತು. ಕೊನೇ ಎಂಟು ಕಂತು ಹೊಸ್ದಾಗಿ ಬರೆದೆ."

ಚಪ್ಪಾಳೆ ಎಷ್ಟು ಹೊತ್ತು ಬಂತೋ ಗೊತ್ತಿಲ್ಲ. ನನಗೆ ಒಂದೇ ಯೋಚನೆ. ನಾನು ಸುಮ್ಮನಿದ್ದಿದ್ದರೆ ಚೆಲುವಯ್ಯನನ್ನು ನೇಣಿಗೆ ಹಾಕುತ್ತಿದ್ದರು. ಮನೆಗೆ ಬರುವಾಗ ಆಟೋದಲ್ಲಿ ಮುನೀಂದ್ರರಿಗೆ ಇದನ್ನೇ ಹೇಳಿದೆ. ಹಳೇ ಮದ್ರಾಸ್ ರಸ್ತೆಯಿಂದ ಮನೆ ಬಾಗಿಲಿನ ತನಕ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಕೇಳುತ್ತ ಕೂತಿದ್ದರು.

ಮಾರ್ಚ್ 27, ಗುರುವಾರ

ವೈದ್ಯಕೀಯ ಪರೀಕ್ಷೆ ಮುಗಿಯಿತು. ಡಾಕ್ಟರಿಗೆ ತಾಳ್ಮೆ ಕಡಿಮೆ. "ನಿಮ್ಮ ರೂಟಿನ ಸ್ಟಾಪ್ ಹೇಳಿ" ಅಂದರು. ಶಿವಾಜಿನಗರದಿಂದ ಶುರು ಮಾಡಿದೆ. ಬರೀ ಹೆಸರು ಹೇಳಿದರೆ ಏನು ಬಂತು, ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಎಲ್ಲಿ ಶಾಲೆ ಮಕ್ಕಳು, ಎಲ್ಲಿ ಮೆಟ್ರೋಗೆ ಬದಲಾಯಿಸುವವರು, ಹಲಸೂರು ಕೆರೆ ದಾಟುವಾಗ ಎಲ್ಲಿ ಹಿಡಿದುಕೊಳ್ಳಬೇಕು, ಎಲ್ಲವನ್ನೂ ವಿವರಿಸಿ ಹೇಳುತ್ತಿದ್ದೆ. ನಾನಿನ್ನೂ ಬೆನ್ನಿಗಾನಹಳ್ಳಿಗೂ ಬಂದಿರಲಿಲ್ಲ, ಅವರು ಸಹಿ ಹಾಕಿಬಿಟ್ಟರು.

ಜಗದೀಶ್ ಸಾರ್ ಕಾಗದ ನೋಡಿ, "ಸ್ಟೋರ್‌ನವ್ರು ಬಚಾವಾದ್ರು" ಅಂದರು. ಏಪ್ರಿಲ್ ಎರಡರಿಂದ ಡ್ಯೂಟಿ. ವಾಜಿದನ ಬಸ್ಸೇ.

ಏಪ್ರಿಲ್ 2, ಬುಧವಾರ

ಮೊದಲ ದಿನವೇ ಜಗಳ ಆಗಬೇಕೇ?

ಇಂದಿರಾನಗರದಲ್ಲಿ ಒಬ್ಬ ಹತ್ತಿದ. ಇಸ್ತ್ರಿ ಅಂಗಿ, ಕೊರಳಲ್ಲಿ ಕಂಪನಿ ಗುರುತಿನ ಚೀಟಿ. ಮುಂದಿನ ಬಾಗಿಲಿನ ಮೆಟ್ಟಿಲ ಮೇಲೆ ನಿಂತ. ಒಳಗೆ ಬನ್ನಿ ಅಂದೆ. ಮುಂದಿನ ಸ್ಟಾಪಲ್ಲಿ ಇಳೀತೀನಿ ಅಂದ. ಅವನು ತೆಗೆದುಕೊಂಡ ಟಿಕೆಟ್ ಎಷ್ಟೋ ಸ್ಟಾಪ್ ಆಚೆಯ ಟಿನ್ ಫ್ಯಾಕ್ಟರಿಗೆ. ಹಿಂದೆ ಒಬ್ಬರು ಬಸುರಿ ಹೆಂಗಸು ಹತ್ತಲಾಗದೆ ರಸ್ತೆಯಲ್ಲೇ ನಿಂತಿದ್ದಾರೆ. ನನಗೆ ರೇಗಿತು.

"ಸ್ವಾಮಿ, ಅದು ಮೆಟ್ಟಿಲು, ನಿಮ್ಮನೆ ಜಗಲಿ ಅಲ್ಲ. ಒಳಗೆ ಅಷ್ಟು ಜಾಗ ಇದೆ. ಆ ಅಮ್ಮ ಎರಡು ಜೀವ ಹೊತ್ಕೊಂಡು ನಿಂತವ್ರೆ, ನೀವು ಒಂದು ಬ್ಯಾಗ್ ಹೊತ್ಕೊಂಡು ದಾರಿಗೆ ಅಡ್ಡ ನಿಂತಿದ್ದೀರ. ಅವ್ರು ಹತ್ತೋ ತನಕ ರೈಟ್ ಹೇಳಲ್ಲ. ನಿಮ್ಮ ಆಫೀಸು ಓಡಿ ಹೋಗುತ್ತಾ? ಹೋದ್ರೆ ನಾನು ಬಂದು ನಿಮ್ಮ ಮ್ಯಾನೇಜರ್‌ಗೆ ಹೇಳ್ತೀನಿ, ಇವ್ರು ತಡವಾಗಿ ಬರಕ್ಕೆ ಕಾರಣ ಇವ್ರೇ ಅಂತ!"

ಬಸ್ಸೆಲ್ಲ ನಗು. ಅವನು ಒಳಗೆ ಸರಿದ. ಆ ಹೆಂಗಸು ಹತ್ತಿದರು, ಒಬ್ಬ ಹುಡುಗಿ ಎದ್ದು ಸೀಟು ಕೊಟ್ಟಳು. ಅವನು ನನ್ನ ಪಕ್ಕದಲ್ಲಿ ಹಾದು ಹೋಗುವಾಗ ಗೊಣಗಿದ: "ಏನ್ ಬಾಯಮ್ಮಾ ನಿಂದು! ಉಸಿರೂ ತಗೊಳಲ್ವಾ?"

ಹದಿನೆಂಟು ವರ್ಷದಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಡ್ರೈವರ್ ಕಡೆಯಿಂದಾದರೂ ಒಂದು ಮಾತು ಬರಬಹುದು ಎಂದು ವಾಜಿದನನ್ನು ನೋಡಿದೆ. ಅವನು ಸ್ಟೀರಿಂಗ್ ಮೇಲೆ ತಲೆ ಇಟ್ಟು ನಗುತ್ತಿದ್ದ. ಆಮೇಲೆ ಕಣ್ಣು ಒರೆಸಿಕೊಂಡ. ನಗುತ್ತಲೇ ಮತ್ತೆ ಒರೆಸಿಕೊಂಡ. "ರೈಟ್" ಎಂದು ನಾನು ಎರಡು ಸಲ ಕೂಗಿದರೂ ಬಸ್ ಹೊರಡಲಿಲ್ಲ.

"ಏನಾಯ್ತೋ ನಿಂಗೆ?" ಅಂದೆ.

"ಏನಿಲ್ಲಕ್ಕ, ಧೂಳು," ಅಂದ. ಗಾಜು ಮುಚ್ಚಿತ್ತು.

ನನಗೆ ಅವಮಾನ ಆಗುವಾಗ ಇವನಿಗೆ ನಗು. ಕೆ.ಆರ್.ಪುರಂ ತನಕ ಅವನ ಮುಖ ನೋಡಲಿಲ್ಲ. ಅಲ್ಲಿ ಟೀ ತಂದುಕೊಟ್ಟ, ಕುಡಿದೆ, ಆದರೂ ಬಿಡಲಿಲ್ಲ. ಡ್ರೈವರ್ ಆದವನು ಕಂಡಕ್ಟರ್ ಪರ ನಿಲ್ಲಬೇಕು ಎಂದು ಟೀ ಮುಗಿಯುವ ತನಕ ಬುದ್ಧಿ ಹೇಳಿದೆ. ವಾಪಸು ಬರುವಾಗಲೂ ಹೇಳಿದೆ.

ಈ ಪುಸ್ತಕ ಬರೆಯಲು ಇನ್ನು ಪುರಸೊತ್ತಾಗುವುದಿಲ್ಲ, ನಾಜಿಶ್ ಮೇಡಂಗೆ ತಿಳಿಸಬೇಕು. ನಾಳೆ ಮೊದಲ ಟ್ರಿಪ್ ಐದೂ ನಲವತ್ತಕ್ಕೆ. ವಾಜಿದನಿಗೆ ಹೇಳುವುದು ಇನ್ನೂ ಬಹಳ ಇದೆ.